ಗೋಡೆಯ ಮೇಲಿನ ಮೌಲ್ಯ, ಟೈಮ್‌ಶೀಟಿನ ಗಂಟೆ: ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಗಳ ಕೆಲಸದ ಸಂಸ್ಕೃತಿ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ಬಿ. ರಾಮಲಿಂಗ ರಾಜು, ಕಂಪನಿಯ ಲೆಕ್ಕವನ್ನು ವರ್ಷಗಟ್ಟಲೆ ಉಬ್ಬಿಸಿ ತೋರಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2008ರಲ್ಲಿ, ಅದೇ ಕಂಪನಿ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದಿತ್ತು. ಕಂಪನಿ ಬಾಯಲ್ಲಿ ಹೇಳುವ ಮೌಲ್ಯಕ್ಕೂ ಅದು ನಿಜವಾಗಿ ನಡೆಯುವ ದಾರಿಗೂ ಎಷ್ಟು ಅಂತರವಿರಬಹುದು ಎಂಬುದಕ್ಕೆ ಭಾರತದ ಐಟಿ ಉದ್ಯಮದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ.

ಆದರೆ ಹಗರಣಗಳನ್ನಷ್ಟೇ ನೋಡಿದರೆ ವಿಷಯ ಅರ್ಧಕ್ಕೇ ನಿಲ್ಲುತ್ತದೆ. ಹಗರಣವೇ ಇಲ್ಲದ ಸಾಮಾನ್ಯ ದಿನದಲ್ಲಿ, ಸಾಮಾನ್ಯ ಎಂಜಿನಿಯರ್ ಒಬ್ಬರ ಪಾಲಿಗೆ ಕಂಪನಿಯ ಮೌಲ್ಯಪಟ್ಟಿ ಏನು ಮಾಡುತ್ತದೆ? ಬೆಂಗಳೂರಿನಲ್ಲಿ ನೆಲೆ ಕಂಡ ಇನ್ಫೊಸಿಸ್ ಮತ್ತು ಮೈಂಡ್‌ಟ್ರೀ ಕಂಪನಿಗಳನ್ನು ಮುಂದಿಟ್ಟುಕೊಂಡು ಈ ಲೇಖನ ಆ ಪ್ರಶ್ನೆಯನ್ನು ಪರಿಶೀಲಿಸುತ್ತದೆ. ಇದರ ವಾದ ಇಷ್ಟು: ಮೇಲಿನವರಿಗೆ ನಷ್ಟವಾದಾಗಲೂ ಕೈಬಿಡದ, ಕೆಳಗಿನವರು ತಮ್ಮ ಹಕ್ಕಾಗಿ ಎತ್ತಿ ಹಿಡಿಯಬಹುದಾದ ಮೌಲ್ಯವೇ ಕೆಲಸದ ಸಂಸ್ಕೃತಿಯನ್ನು ರೂಪಿಸುತ್ತದೆ. ಉಳಿದ ಕಡೆ ಅದನ್ನು ರೂಪಿಸುವುದು ಬಿಲ್ಲಿಂಗ್ ಗಂಟೆ.

ಮೂರು ಪದರಗಳು

ಸಂಸ್ಥೆಗಳ ಸಂಸ್ಕೃತಿಯನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಎಡ್ಗರ್ ಶೈನ್ 1985ರ ತಮ್ಮ ಗ್ರಂಥದಲ್ಲಿ ಮೂರು ಪದರಗಳನ್ನು ಗುರುತಿಸಿದರು. ಮೊದಲನೆಯದು ಕಣ್ಣಿಗೆ ಕಾಣುವಂಥದ್ದು: ಕಟ್ಟಡ, ಉಡುಪು, ಆಚರಣೆ. ಎರಡನೆಯದು ಸಂಸ್ಥೆ ತಾನಾಗಿ ಘೋಷಿಸಿಕೊಂಡ ಮೌಲ್ಯಗಳು. ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಒಪ್ಪಿಕೊಂಡು ನಡೆಯುವ ಗ್ರಹಿಕೆಗಳು. ಎರಡನೆಯ ಪದರವನ್ನು ಓದಿ ಮೂರನೆಯದನ್ನು ಊಹಿಸುವಂತಿಲ್ಲ ಎಂದು ಶೈನ್ ಎಚ್ಚರಿಸುತ್ತಾರೆ.

ಸಾಫ್ಟ್‌ವೇರ್ ಸೇವಾ ಉದ್ಯಮದಲ್ಲಿ ಆ ಮೂರನೆಯ ಪದರ ಅಡಗಿರುವುದು ವ್ಯವಹಾರದ ಲೆಕ್ಕದಲ್ಲಿ. ಈ ಕಂಪನಿಗಳು ಬಹುಮಟ್ಟಿಗೆ ಮಾರುವುದು ಮನುಷ್ಯರ ಸಮಯವನ್ನು. ಎಂಜಿನಿಯರ್ ಪ್ರತಿ ವಾರ ಟೈಮ್‌ಶೀಟ್ ತೆರೆದು, ಯಾವ ಪ್ರಾಜೆಕ್ಟಿನ ಕೋಡಿಗೆ ಎಷ್ಟು ಗಂಟೆ ಎಂದು ತುಂಬುತ್ತಾರೆ. ಕ್ಲೈಂಟ್ ಹಣ ಕೊಡುವ ಗಂಟೆ ‘ಬಿಲ್ಲಬಲ್’. ಪ್ರಾಜೆಕ್ಟ್ ಸಿಗದೆ ಕಾಯುವವರು ‘ಬೆಂಚ್’ ಮೇಲಿದ್ದಾರೆ ಎನ್ನುವುದು ವಾಡಿಕೆ. ಒಟ್ಟು ಸಿಬ್ಬಂದಿಯ ಸಮಯದಲ್ಲಿ ಬಿಲ್ಲಬಲ್ ಪಾಲು ಎಷ್ಟು ಎಂಬುದೇ ‘ಯುಟಿಲೈಸೇಷನ್’. ಇನ್ಫೊಸಿಸ್‌ನಂಥ ಕಂಪನಿಗಳು ಪ್ರತಿ ತ್ರೈಮಾಸಿಕದಲ್ಲೂ ಹೂಡಿಕೆದಾರರ ಮುಂದಿಡುವ ಅಂಕಿ ಅದು. ಅದು ಇಳಿದರೆ ಲಾಭ ಇಳಿಯುತ್ತದೆ. ಹೀಗಾಗಿ ಬೆಂಚ್ ಮೇಲಿನ ಒಂದು ತಿಂಗಳು, ಕಾಗದದಲ್ಲಿ ಕಲಿಕೆಯ ಅವಕಾಶವಾಗಿದ್ದರೂ, ಅಲ್ಲಿ ಕುಳಿತವರ ಎದೆಯಲ್ಲಿ ಕೆಲಸ ಹೋಗುವ ಭಯವಾಗಿರುತ್ತದೆ.

ಇನ್ಫೊಸಿಸ್: ಮೌಲ್ಯಕ್ಕೆ ತೆತ್ತ ಬೆಲೆ

ಪಟ್ನಿ ಕಂಪ್ಯೂಟರ್ಸ್ ಬಿಟ್ಟು ಬಂದ ಏಳು ಎಂಜಿನಿಯರ್‌ಗಳು 1981ರಲ್ಲಿ ಪುಣೆಯಲ್ಲಿ ಇನ್ಫೊಸಿಸ್ ಕಟ್ಟಿದರು. ಮೂಲ ಬಂಡವಾಳ, ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರ ಪತ್ನಿ ಸುಧಾ ಮೂರ್ತಿ ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. ಕ್ಲೈಂಟ್‌ಗೆ ಮೌಲ್ಯ, ಮಾದರಿಯಾಗಿ ನಡೆದು ತೋರುವ ನಾಯಕತ್ವ, ಪ್ರಾಮಾಣಿಕತೆ ಮತ್ತು ಪಾರದರ್ಶಕತೆ, ನ್ಯಾಯಪರತೆ, ಉತ್ಕೃಷ್ಟತೆ: ಇಂದು ಕಂಪನಿ ‘ಸಿ-ಲೈಫ್’ ಎಂಬ ಹೆಸರಿನಲ್ಲಿ ಈ ಐದನ್ನು ತನ್ನ ಮೌಲ್ಯಗಳೆಂದು ಸಾರುತ್ತದೆ.

ಈ ಪಟ್ಟಿಗೆ ತೂಕ ಬಂದದ್ದು ಕೆಲವು ನಿರ್ಧಾರಗಳಿಂದ. 1995ರ ಸುಮಾರಿಗೆ ಆದಾಯದ ಕಾಲು ಭಾಗದಷ್ಟನ್ನು ತರುತ್ತಿದ್ದ ಜನರಲ್ ಎಲೆಕ್ಟ್ರಿಕ್ ಬೆಲೆ ಇಳಿಸಲು ಒತ್ತಾಯಿಸಿದಾಗ, ಗುಣಮಟ್ಟ ಕಾಯಲಾಗದ ದರಕ್ಕೆ ಒಪ್ಪದೆ ಆ ಒಪ್ಪಂದವನ್ನೇ ಬಿಟ್ಟುಕೊಟ್ಟದ್ದನ್ನು ಎನ್.ಆರ್. ನಾರಾಯಣಮೂರ್ತಿ ಹಲವು ಭಾಷಣಗಳಲ್ಲಿ ನೆನೆದಿದ್ದಾರೆ. ನೌಕರರಿಗೆ ಷೇರು ಹಂಚಿದ ಭಾರತದ ಮೊದಲಿಗ ಕಂಪನಿಗಳಲ್ಲಿ ಇನ್ಫೊಸಿಸ್ ಒಂದು. 1999ರ ಮಾರ್ಚಿನಲ್ಲಿ ಅಮೆರಿಕದ ನಾಸ್ಡಾಕ್ ಸೇರಿದ ಮೇಲೆ ಅಲ್ಲಿನ ಕಟ್ಟುನಿಟ್ಟಿನ ಲೆಕ್ಕಪತ್ರ ಪದ್ಧತಿಗೂ ತನ್ನನ್ನು ಒಡ್ಡಿಕೊಂಡಿತು. ಈ ಮೂರೂ ಕಡೆ ಮೌಲ್ಯ ಎಂಬುದು ಒಪ್ಪಂದ, ಷೇರುಪತ್ರ, ಲೆಕ್ಕಪುಸ್ತಕಗಳ ರೂಪ ತಾಳಿತು. ಕೆಲಸ ಮಾಡಿದವರಿಗೆ ಅದರ ಪಾಲು ಸಿಕ್ಕಿತು. ಬೆಂಗಳೂರಿನ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ಇಡೀ ಜೀವಮಾನದಲ್ಲಿ ಕೂಡಿಡಲಾಗದ ಹಣವನ್ನು ಮಕ್ಕಳು ಕೆಲವೇ ವರ್ಷಗಳಲ್ಲಿ ಕಂಡರು.

ಕಷ್ಟದ ಪರೀಕ್ಷೆಗಳೂ ಬಂದವು. ಅಮೆರಿಕದಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿಯ ಮೇಲೆ ಲೈಂಗಿಕ ಕಿರುಕುಳದ ಮೊಕದ್ದಮೆ ಬಿದ್ದು, 2002ರಲ್ಲಿ ಅವರು ಕಂಪನಿ ಬಿಟ್ಟರು. ಮರುವರ್ಷ 30 ಲಕ್ಷ ಡಾಲರ್‌ಗೆ ರಾಜಿಯಾಯಿತು. 2010ರಲ್ಲಿ ಅಮೆರಿಕದ ನೌಕರರೊಬ್ಬರು, ವ್ಯಾಪಾರ ಭೇಟಿಗೆ ಮೀಸಲಾದ ಬಿ-1 ವೀಸಾದಲ್ಲಿ ಜನರನ್ನು ಕೆಲಸಕ್ಕೆ ತರಲಾಗುತ್ತಿದೆ ಎಂದು ಮೊದಲು ಕಂಪನಿಯ ಒಳಗೇ ದೂರು ಕೊಟ್ಟರು. ಆಮೇಲೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದರೂ ಅವರ ಸ್ವಂತ ಮೊಕದ್ದಮೆ 2012ರಲ್ಲಿ ವಜಾ ಆಯಿತು. ಆದರೆ 2013ರಲ್ಲಿ ಇನ್ಫೊಸಿಸ್ ವೀಸಾ ವಂಚನೆಯ ಆರೋಪವನ್ನು ಅಲ್ಲಗಳೆಯುತ್ತಲೇ ಅಮೆರಿಕ ಸರ್ಕಾರದೊಂದಿಗೆ 3.4 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಪಾರದರ್ಶಕತೆಯನ್ನು ಕೆಳಗಿನಿಂದ ಯಾರಾದರೂ ಕೇಳಿದಾಗ ಸಂಸ್ಥೆಗೆ ಅದನ್ನು ಅರಗಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

2017ರಲ್ಲಿ ಜಗಳ ನಡೆದದ್ದು ಮೇಲಿನ ಅಂತಸ್ತಿನಲ್ಲೇ. ಮಾಜಿ ಹಣಕಾಸು ಮುಖ್ಯಸ್ಥರಿಗೆ ಕೊಟ್ಟ ನಿರ್ಗಮನ ಪರಿಹಾರ ಮತ್ತು ಪನಾಯಾ ಕಂಪನಿಯ ಖರೀದಿಯನ್ನು ಸ್ಥಾಪಕರು ಬಹಿರಂಗವಾಗಿ ಪ್ರಶ್ನಿಸಿದರು. ಆಗಸ್ಟ್‌ನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು, ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. ಪನಾಯಾ ಖರೀದಿಯಲ್ಲಿ ತಪ್ಪು ನಡೆದಿಲ್ಲ ಎಂದು ಕಂಪನಿ ನಡೆಸಿದ ಪರಿಶೀಲನೆ ಹೇಳಿತು. ಇಲ್ಲಿ ಗಮನಿಸಬೇಕಾದದ್ದು ಜಗಳದ ನೆಲೆ. ಎರಡೂ ಕಡೆಯವರು ಮಾತಾಡಿದ್ದು ಅದೇ ಮೌಲ್ಯಪಟ್ಟಿಯ ಹೆಸರಿನಲ್ಲಿ. ಒಂದು ಪರಿಹಾರದ ಮೊತ್ತಕ್ಕೆ ಉತ್ತರ ಕೇಳುವುದು ಸಾಧ್ಯವಾದದ್ದು ಆ ಪಟ್ಟಿಗೆ ಕಂಪನಿಯೊಳಗೆ ಗೌರವ ಉಳಿದಿದ್ದರಿಂದ.

ಮೈಂಡ್‌ಟ್ರೀ: ಷೇರು ಕೈಬದಲಾದಾಗ

1999ರಲ್ಲಿ ಹತ್ತು ಮಂದಿ ವೃತ್ತಿಪರರು ಸೇರಿ ಕಟ್ಟಿದ ಮೈಂಡ್‌ಟ್ರೀ, ಸಂಸ್ಕೃತಿಯನ್ನೇ ತನ್ನ ಗುರುತಾಗಿ ಮಾಡಿಕೊಂಡಿತು. ಅದರ ಲಾಂಛನ ಬರೆದದ್ದು ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿಯ ಒಬ್ಬ ವಿದ್ಯಾರ್ಥಿ. ಸ್ಥಾಪಕರಲ್ಲೊಬ್ಬರಾದ ಸುಬ್ರತೊ ಬಾಗ್ಚಿ 2008ರಲ್ಲಿ ದಿನದಿನದ ಆಡಳಿತ ಬಿಟ್ಟು, ‘ತೋಟಗಾರ’ ಎಂಬ ಹುದ್ದೆಯ ಹೆಸರಿನಲ್ಲಿ ಮುಂದಿನ ತಲೆಮಾರಿನ ನಾಯಕರನ್ನು ಬೆಳೆಸುವ ಹೊಣೆ ಹೊತ್ತರು.

2019ರ ಮಾರ್ಚಿನಲ್ಲಿ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಮೈಂಡ್‌ಟ್ರೀಯಲ್ಲಿ ತಮ್ಮ ಕಡೆಗಿದ್ದ ಶೇ 20ರಷ್ಟು ಪಾಲನ್ನು ಲಾರ್ಸನ್ ಆ್ಯಂಡ್ ಟೂಬ್ರೊಗೆ ಮಾರಿದರು. ನಮ್ಮ ಸಂಸ್ಕೃತಿಗೆ ಧಕ್ಕೆಯಾಗುತ್ತದೆ ಎಂದು ಸ್ಥಾಪಕರು ವಿರೋಧಿಸಿದರು. ಬಾಗ್ಚಿ ಒಡಿಶಾ ಸರ್ಕಾರದಲ್ಲಿ ವಹಿಸಿಕೊಂಡಿದ್ದ ಹೊಣೆ ಬಿಟ್ಟು ಬೆಂಗಳೂರಿಗೆ ಧಾವಿಸಿದರು. ಆದರೆ ಷೇರುಪೇಟೆಯ ನಿಯಮದಲ್ಲಿ ಸಂಸ್ಕೃತಿಗೆ ಮತವಿಲ್ಲ. ಜೂನ್ ಹೊತ್ತಿಗೆ ಬಹುಪಾಲು ಷೇರು ಕೈಬದಲಾಯಿತು, ಜುಲೈನಲ್ಲಿ ಸ್ಥಾಪಕರು ಆಡಳಿತದಿಂದ ಹೊರಬಂದರು. 2022ರ ನವೆಂಬರ್‌ನಲ್ಲಿ ಕಂಪನಿ ಲಾರ್ಸನ್ ಆ್ಯಂಡ್ ಟೂಬ್ರೊ ಸಮೂಹದ ಎಲ್‌ಟಿಐ ಜತೆ ವಿಲೀನವಾಯಿತು. ಸ್ಥಾಪಕರ ವ್ಯಕ್ತಿತ್ವವನ್ನು ನೆಚ್ಚಿಕೊಂಡ ಮೌಲ್ಯ, ಮಾಲೀಕತ್ವ ಬದಲಾದ ದಿನ ರಕ್ಷಣೆಯಿಲ್ಲದೆ ನಿಲ್ಲುತ್ತದೆ ಎಂಬುದನ್ನು ಈ ಪ್ರಕರಣ ತಿಳಿಸುತ್ತದೆ.

ಕೆಳಗಿನಿಂದ ನೋಡಿದಾಗ

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ 2006ರಲ್ಲಿ ಮುಗಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದ ಆಧಾರಗ್ರಂಥ. ಮುಕ್ತ ವಾತಾವರಣ, ಹೆಸರು ಹಿಡಿದು ಕರೆಯುವ ಸಲಿಗೆ, ಸ್ವಯಂಪ್ರೇರಣೆಯ ಮಾತು ಒಂದೆಡೆ. ಕಂಪ್ಯೂಟರ್ ಮೂಲಕವೇ ನಡೆಯುವ ನಿಗಾ ಇನ್ನೊಂದೆಡೆ. ಎರಡೂ ಒಂದೇ ಕಚೇರಿಯಲ್ಲಿ ಜತೆಯಾಗಿ ಕೆಲಸ ಮಾಡುತ್ತವೆ ಎಂದು ಅವರು ತೋರಿಸಿದರು. ವೃತ್ತಿಯ ಏಳುಬೀಳಿನ ಹೊಣೆಯೆಲ್ಲ ನೌಕರನ ಹೆಗಲಿಗೇ ಬೀಳುವುದನ್ನೂ, ಪ್ರತಿಭೆಗಷ್ಟೇ ಮಣೆ ಎಂದು ಹೇಳುವ ಉದ್ಯಮದಲ್ಲಿ ನಗರದ, ಮೇಲ್ಜಾತಿಯ, ಮಧ್ಯಮವರ್ಗದವರೇ ಹೆಚ್ಚಾಗಿದ್ದುದನ್ನೂ ಗುರುತಿಸಿದರು. ನ್ಯಾಯಪರತೆ ಎಂಬ ಮೌಲ್ಯವನ್ನು ಅಳೆಯಲು ಹೊರಟವರು ಮೊದಲು ಕೇಳಬೇಕಾದದ್ದು, ಬಾಗಿಲವರೆಗೆ ಬರಲು ಯಾರಿಗೆ ಸಾಧ್ಯವಾಯಿತು ಎಂದು.

ಒಳಗೆ ಬಂದವರಿಗೂ ಪರೀಕ್ಷೆ ತಪ್ಪಿದ್ದಲ್ಲ. ಅಪ್ರೈಸಲ್‌ನಲ್ಲಿ ಇಷ್ಟು ಜನರನ್ನು ಕೆಳದರ್ಜೆಯಲ್ಲಿ ಇರಿಸಲೇಬೇಕು ಎನ್ನುವ ‘ಬೆಲ್ ಕರ್ವ್’ ಪದ್ಧತಿಯನ್ನು ಇನ್ಫೊಸಿಸ್ 2015ರಲ್ಲಿ ಕೈಬಿಟ್ಟದ್ದು ನಿಜವಾದ ಸುಧಾರಣೆ. ಆದರೆ 2025ರ ಫೆಬ್ರುವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ಟ್ರೇನಿಗಳನ್ನು ಕಳಿಸಲಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಅವರಲ್ಲಿ ಹಲವರು 2022ರಲ್ಲೇ ಆಫರ್ ಲೆಟರ್ ಪಡೆದು, ಕೆಲಸಕ್ಕೆ ಸೇರಲು ಸುಮಾರು ಎರಡು ವರ್ಷ ಕಾದಿದ್ದವರು. ಆ ಕಾಯುವಿಕೆಯ ನಷ್ಟ ಯಾರ ಲೆಕ್ಕಕ್ಕೆ ಎಂಬುದಕ್ಕೆ ಯಾವ ಮೌಲ್ಯಪಟ್ಟಿಯಲ್ಲೂ ಉತ್ತರವಿಲ್ಲ. ದೂರು ಕಾರ್ಮಿಕ ಇಲಾಖೆಯವರೆಗೆ ಹೋಯಿತು.

ಕಾನೂನು ಬಿಟ್ಟ ಜಾಗ

ಕರ್ನಾಟಕ ಸರ್ಕಾರ ಐಟಿ ಉದ್ಯಮಕ್ಕೆ 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯಿಂದ ಷರತ್ತಿನ ವಿನಾಯಿತಿ ನೀಡಿ, ಅದನ್ನು ವಿಸ್ತರಿಸುತ್ತ ಬಂದಿತ್ತು. ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ, ಕುಂದುಕೊರತೆ ಸಮಿತಿ, ಶಿಸ್ತುಕ್ರಮಗಳ ಮಾಹಿತಿಯನ್ನು ಇಲಾಖೆಗೆ ಒಪ್ಪಿಸುವುದು ಆ ಷರತ್ತುಗಳಲ್ಲಿ ಸೇರಿದ್ದವು. ಕಾಯ್ದೆ ಹೇಳಬೇಕಾದದ್ದನ್ನು ಇಲ್ಲಿ ಕಂಪನಿಯ ನೀತಿಸಂಹಿತೆ ಹೇಳುತ್ತ ಬಂದಿದೆ. ಆದ್ದರಿಂದಲೇ ಆ ಸಂಹಿತೆ ಬರಿಯ ಒಳಾಡಳಿತದ ಕಾಗದವಲ್ಲ, ಲಕ್ಷಾಂತರ ಜನರ ಸೇವಾ ನಿಯಮ.

ಕೆಲಸದ ಅವಧಿಯ ಚರ್ಚೆಯಲ್ಲಿ ಇದು ಎದ್ದು ಕಾಣುತ್ತದೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿ, ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ಐಟಿ ನೌಕರರ ದಿನದ ಅವಧಿಯನ್ನು 12 ಗಂಟೆಗೂ ಮೇಲೆ ಒಯ್ಯುವ ಪ್ರಸ್ತಾಪ ರಾಜ್ಯದಲ್ಲಿ ಬಂದಾಗ ಐಟಿ ನೌಕರರ ಸಂಘಟನೆ ಕೆಐಟಿಯು ಬೀದಿಗಿಳಿಯಿತು. ಮರುವರ್ಷ ಇನ್ಫೊಸಿಸ್, ಮನೆಯಿಂದ ದುಡಿಯುವಾಗ ದಿನಕ್ಕೆ ಸರಾಸರಿ ಒಂಬತ್ತೂಕಾಲು ಗಂಟೆ ಮೀರಿದವರಿಗೆ ಆರೋಗ್ಯ ನೋಡಿಕೊಳ್ಳಿ ಎಂದು ಇಮೇಲ್ ಕಳಿಸುತ್ತಿರುವುದು ವರದಿಯಾಯಿತು. ಗಂಟೆ ಎಣಿಸುವ ಅದೇ ವ್ಯವಸ್ಥೆ ಇಲ್ಲಿ ನೌಕರನ ಪರವಾಗಿ ಬಳಕೆಯಾಗಿದೆ. ಇದು ಸ್ವಾಗತಾರ್ಹ. ಆದರೆ ಇಮೇಲ್ ಬಂದ ಮೇಲೆ ಪ್ರಾಜೆಕ್ಟಿನ ಗಡುವು ಸಡಿಲವಾಗುತ್ತದೆಯೇ, ತಂಡಕ್ಕೆ ಇನ್ನೊಬ್ಬರು ಸೇರುತ್ತಾರೆಯೇ ಎಂಬುದನ್ನು ನೌಕರ ಕೇಳಿ ಪಡೆಯುವ ವ್ಯವಸ್ಥೆ ಬೇಕು.

ಈ ಉದ್ಯಮದ ಮೌಲ್ಯಗಳನ್ನು ಮುಂದೆ ಅಧ್ಯಯನ ಮಾಡುವವರು ವಾರ್ಷಿಕ ವರದಿಯ ಮೊದಲ ಪುಟಗಳಿಗಿಂತ ಮೂರು ಕಡತಗಳತ್ತ ನೋಡುವುದು ಉಪಯುಕ್ತ: ಕುಂದುಕೊರತೆ ಸಮಿತಿಗೆ ಬಂದ ದೂರುಗಳು ಹೇಗೆ ಇತ್ಯರ್ಥವಾದವು, ಬೆಂಚ್ ಮೇಲಿದ್ದವರಿಗೆ ಮುಂದೆ ಏನಾಯಿತು, ದೂರು ಕೊಟ್ಟವರು ಎರಡು ವರ್ಷದ ನಂತರ ಎಲ್ಲಿದ್ದಾರೆ. ಸರ್ಕಾರ ಇಂಥ ವಿನಾಯಿತಿ ನೀಡುವಾಗ ಈ ಮಾಹಿತಿಯನ್ನು ಕಂಪನಿವಾರು ಪ್ರಕಟಿಸಬೇಕೆಂಬ ಷರತ್ತು ಹಾಕಿದರೆ, ಫ್ರೆಷರ್ ಒಬ್ಬರು ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನವೇ ಅದನ್ನು ಓದಬಹುದು.