ಗುರುತುಪಟ್ಟಿಯಿಲ್ಲದ ಹಳೆಯ ಸೌರಫಲಕಗಳ ಗುರುತಿಸುವಿಕೆ

ತಯಾರಕರ ಹೆಸರು, ವ್ಯಾಟ್, ವೋಲ್ಟ್ ಮುಂತಾದ ವಿವರಗಳು ಅಳಿಸಿಹೋಗಿರುವ ಸೌರಫಲಕದ ಬಗೆ, ಸಾಮರ್ಥ್ಯ ಹಾಗೂ ಅಂದಾಜು ಕಾಲವನ್ನು ಅದರ ಬಾಹ್ಯ ಲಕ್ಷಣಗಳಿಂದಲೇ ತಿಳಿಯಬಹುದು. ಫಲಕದ ಹಿಂಬದಿಯ ಗುರುತುಪಟ್ಟಿ ಹಲವು ವರ್ಷಗಳ ಬಿಸಿಲು ಮಳೆಗೆ ಮಾಸಿಹೋಗುತ್ತದೆ. ಫಲಕವಾದರೋ ಇಪ್ಪತ್ತೈದು ವರ್ಷಗಳ ನಂತರವೂ ವಿದ್ಯುತ್ ನೀಡುತ್ತಿರಬಲ್ಲದು. ಸಾಮರ್ಥ್ಯ ತಿಳಿಯದೆ ಜೋಡಿಸಿದಲ್ಲಿ ಬ್ಯಾಟರಿಯೂ ಚಾರ್ಜ್ ನಿಯಂತ್ರಕವೂ ಹಾಳಾಗುವ ಸಂಭವವಿರುವುದರಿಂದ ಈ ತಿಳಿವಳಿಕೆ ಅಗತ್ಯ.

ಹಿನ್ನೆಲೆ

ಕರ್ನಾಟಕದಲ್ಲಿ ಸೌರಫಲಕಗಳ ಬಳಕೆಗೆ ದೀರ್ಘ ಇತಿಹಾಸವಿದೆ. ಟಾಟಾ ಬಿಪಿ ಸೋಲಾರ್ 1989ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆ ಗ್ರಾಮೀಣ ಮನೆಗಳಿಗೆ ಸೌರದೀಪಗಳನ್ನು ಒದಗಿಸಿತು. ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ಮನೆದೀಪಕ್ಕೆ 18 ಅಥವಾ 37 ವ್ಯಾಟ್, ಬೀದಿದೀಪಕ್ಕೆ 74 ವ್ಯಾಟ್ ಫಲಕಗಳು ನಿಗದಿಯಾಗಿದ್ದವು. ಹಳ್ಳಿಗಳಲ್ಲಿ ಇಂದು ಕಾಣಸಿಗುವ ಹಳೆಯ ಫಲಕಗಳಲ್ಲಿ ಈ ಅಳತೆಯವು ಸಾಮಾನ್ಯ.

ಶಾಂತಿಗ್ರಾಮ ಸೇರಿದಂತೆ ಹಾಸನ ಜಿಲ್ಲೆಯ ಆಡುಮಾತಿನಲ್ಲಿ ನೀರು ಕಾಯಿಸುವ ಸಾಧನಕ್ಕೂ ವಿದ್ಯುತ್ ಫಲಕಕ್ಕೂ 'ಸೋಲಾರ್' ಎಂಬ ಒಂದೇ ಹೆಸರಿದೆ. ಗಾಜಿನ ಕೆಳಗೆ ಲೋಹದ ಹಾಳೆಯೂ ಅಂಚಿನಲ್ಲಿ ನೀರಿನ ಕೊಳವೆಯ ಬಾಯಿಯೂ ಇದ್ದರೆ ಅದು ನೀರು ಕಾಯಿಸುವ ಸಾಧನ. ಈ ಲೇಖನದ ವಿಷಯವಲ್ಲ.

ಕೋಶಗಳ ಬಣ್ಣ ಮತ್ತು ಆಕಾರ

ಪೂರ್ಣ ವೃತ್ತಾಕಾರದ ಕೋಶಗಳಿದ್ದರೆ ಫಲಕವು ಬಹುಮಟ್ಟಿಗೆ 1970ರ ದಶಕದ್ದು ಅಥವಾ 1980ರ ದಶಕದ ಆರಂಭದ್ದು. ಏಕಸ್ಫಟಿಕ ಸಿಲಿಕಾನನ್ನು ದುಂಡನೆಯ ದಿಂಡಾಗಿ ಬೆಳೆಸಿ ಬಿಲ್ಲೆಗಳಾಗಿ ಕೊಯ್ಯುವುದರಿಂದ ಈ ಆಕಾರ ಬಂದಿದೆ. ನಂತರದವರು ಜಾಗ ಉಳಿಸಲೆಂದು ಬದಿಗಳನ್ನು ಕತ್ತರಿಸಿದರು. ಹಾಗಾಗಿ ಮೂಲೆ ಮೊಂಡಾದ ಕಪ್ಪು ಅಥವಾ ಕಡುನೀಲಿ ಚೌಕಗಳು ಏಕಸ್ಫಟಿಕದವು. ಪೂರ್ಣ ಚೌಕವಾಗಿದ್ದು, ಒಡೆದ ಕಲ್ಲುಸಕ್ಕರೆಯ ಮುಖದಂತೆ ನೀಲಿಯ ಹಲವು ಛಾಯೆಗಳು ಮಿನುಗಿದರೆ ಅದು ಬಹುಸ್ಫಟಿಕ. ಚೌಕಗಳೇ ಇಲ್ಲದೆ, ಕಂದು ಛಾಯೆಯ ಗಾಜಿನ ಮೇಲೆ ಸಮಾನಾಂತರ ಗೆರೆಗಳಷ್ಟೇ ಕಂಡರೆ ಅದು ತೆಳುಪದರದ ಫಲಕ. ಮುಂದಿನ ಎಣಿಕೆಯ ಕ್ರಮ ಇದಕ್ಕೆ ಅನ್ವಯಿಸದು.

ಕೋಶಗಳ ಮೇಲಿನ ಬೆಳ್ಳಿಬಣ್ಣದ ದಪ್ಪ ಗೆರೆಗಳು ಕಾಲವನ್ನು ಸೂಚಿಸುತ್ತವೆ. ಎರಡು ಗೆರೆಗಳಿದ್ದರೆ ಹಳೆಯದು, ಮೂರಿದ್ದರೆ ನಡುಗಾಲದ್ದು, ಐದು ಅಥವಾ ಹೆಚ್ಚಿದ್ದರೆ ಇತ್ತೀಚಿನದು. ಹಿಂಬದಿಯ ಪೆಟ್ಟಿಗೆಯಲ್ಲಿ ತಂತಿಯನ್ನು ತಿರುಪಿನಿಂದ ಬಿಗಿಯುವ ವ್ಯವಸ್ಥೆ ಇರುವುದು ಹಳೆಯ ಫಲಕದ ಇನ್ನೊಂದು ಲಕ್ಷಣವಾದರೂ ಸಣ್ಣ ಫಲಕಗಳಲ್ಲಿ ಅದು ಬಹುಕಾಲ ಮುಂದುವರಿದ ಕಾರಣ ಅದೊಂದನ್ನೇ ನಂಬುವಂತಿಲ್ಲ. ಗಾಜಿನ ಒಳಗೇ ಸೇರಿಸಿದ ಬಾರ್‌ಕೋಡ್ ಇದೆಯೇ ಎಂದು ಅಂಚಿನುದ್ದಕ್ಕೂ ನೋಡಬೇಕು. ಹೊರಗಿನ ಪಟ್ಟಿ ಹೋದರೂ ಅದು ಉಳಿದಿರುತ್ತದೆ.

ಎಣಿಕೆಯಿಂದ ವೋಲ್ಟ್, ವಿಸ್ತೀರ್ಣದಿಂದ ಆಂಪಿಯರ್

ಸಿಲಿಕಾನ್ ಕೋಶವು ದೊಡ್ಡದಿರಲಿ ಚಿಕ್ಕದಿರಲಿ, ಭಾರವಿಲ್ಲದಾಗ ಸುಮಾರು 0.6 ವೋಲ್ಟ್ ನೀಡುತ್ತದೆ. ಸಾಲಾಗಿ ಜೋಡಿಸಿದ 36 ಕೋಶಗಳ ಫಲಕ ಸುಮಾರು 21 ವೋಲ್ಟ್ ತೋರುತ್ತದೆ. ಇದು 12 ವೋಲ್ಟ್ ಬ್ಯಾಟರಿಗಾಗಿ ಮಾಡಿದ್ದು. 72 ಕೋಶಗಳದ್ದು 24 ವೋಲ್ಟ್ ಬ್ಯಾಟರಿಗೆ ಸಲ್ಲುತ್ತದೆ. 60 ಕೋಶಗಳದ್ದು ಮುಖ್ಯವಾಗಿ ವಿದ್ಯುತ್ ಜಾಲಕ್ಕೆ ಜೋಡಿಸುವ ಚಾವಣಿ ಘಟಕಗಳದ್ದು. ಅದನ್ನು 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸಬಾರದು. ಹೊಸ ಫಲಕಗಳಲ್ಲಿ 120 ಅಥವಾ 144 ಅರ್ಧಕೋಶಗಳು ಎರಡು ಭಾಗಗಳಾಗಿ ಸಮಾನಾಂತರದಲ್ಲಿರುವುದರಿಂದ ಅವನ್ನು 60 ಅಥವಾ 72 ಎಂದೇ ಎಣಿಸಬೇಕು.

ಪ್ರವಾಹವು ಕೋಶದ ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಳೆಯ ಕೋಶಗಳಲ್ಲಿ ಪ್ರತಿ 100 ಚದರ ಸೆಂ.ಮೀ.ಗೆ ಸುಮಾರು 3 ಆಂಪಿಯರ್ ಎಂದು ಲೆಕ್ಕ ಹಿಡಿಯಬಹುದು. 12.5 ಸೆಂ.ಮೀ. ಬದಿಯ, ಮೂಲೆ ಮೊಂಡಾದ 36 ಕೋಶಗಳಿವೆ ಎನ್ನೋಣ. ಒಂದೊಂದರ ವಿಸ್ತೀರ್ಣ ಸುಮಾರು 150 ಚದರ ಸೆಂ.ಮೀ.; ಪ್ರವಾಹ ಸುಮಾರು 4.5 ಆಂಪಿಯರ್. ಕೆಲಸ ಮಾಡುವಾಗಿನ ವೋಲ್ಟ್ ಸುಮಾರು 17. ಗುಣಿಸಿದರೆ 76 ವ್ಯಾಟ್, ಅಂದರೆ ಬೀದಿದೀಪದ ಫಲಕ. ಅದೇ ಕೋಶವನ್ನು ಅರ್ಧಕ್ಕೆ ಕತ್ತರಿಸಿ 36 ತುಂಡುಗಳನ್ನು ಜೋಡಿಸಿದ್ದರೆ ವೋಲ್ಟ್ ಬದಲಾಗದು, ಪ್ರವಾಹ ಅರ್ಧವಾಗಿ ಸುಮಾರು 38 ವ್ಯಾಟ್ ಆಗುತ್ತದೆ. ಮನೆದೀಪದ 37 ವ್ಯಾಟ್ ಫಲಕಕ್ಕೆ ಇದು ಹೊಂದುತ್ತದೆ.

ಪರೀಕ್ಷೆ ಮತ್ತು ಎಚ್ಚರಿಕೆ

ಲೆಕ್ಕವನ್ನು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಕಾದ ಫಲಕದ ವೋಲ್ಟ್ ಇಳಿಯುವುದರಿಂದ ಸುಡುಬಿಸಿಲಿನಲ್ಲಿ 36 ಕೋಶಗಳದ್ದು 19 ವೋಲ್ಟ್ ತೋರಿದರೆ ಅದು ದೋಷವಲ್ಲ. ಅರ್ಧಕ್ಕೆ ಇಳಿದಿದ್ದರೆ ಹಿಂಬದಿಯ ಪೆಟ್ಟಿಗೆಯ ಡಯೋಡ್ ಕೆಟ್ಟಿರುವ ಸಾಧ್ಯತೆಯುಂಟು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತೆಂಗಿನ ತೋಟಗಳಂಥ ಕಡೆ ಗರಿಯ ನೆರಳು ಒಂದೇ ಕೋಶದ ಮೇಲೆ ನಿತ್ಯ ಬಿದ್ದು ಅದು ಅತಿಯಾಗಿ ಕಾಯುವುದುಂಟು. ಅಂಥ ಕೋಶದ ಸುತ್ತ ಕಂದು ಕಲೆ ಅಥವಾ ಹಿಂಬದಿಯಲ್ಲಿ ಸುಟ್ಟ ಗುರುತು ಕಂಡರೆ ಫಲಕವನ್ನು ಬಳಸಬಾರದು.

ಬಿಸಿಲಿನಲ್ಲಿರುವ ಫಲಕವನ್ನು ಆರಿಸುವ ಉಪಾಯವಿಲ್ಲ. ತಂತಿಗಳನ್ನು ಮುಟ್ಟುವ ಮೊದಲು ದಪ್ಪ ಬಟ್ಟೆ ಅಥವಾ ರಟ್ಟಿನಿಂದ ಮುಚ್ಚಬೇಕು. ಬೆಸುಗೆಯಲ್ಲಿ ಸೀಸವೂ ಕೆಲವು ತೆಳುಪದರದ ಫಲಕಗಳಲ್ಲಿ ಕ್ಯಾಡ್ಮಿಯಂ ಸಂಯುಕ್ತವೂ ಇರುವುದರಿಂದ ಒಡೆದ ಫಲಕವನ್ನು ಗುಜರಿಗೆ ಹಾಕುವುದಾಗಲಿ ಸುಡುವುದಾಗಲಿ ಸಲ್ಲದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೌರಫಲಕಗಳೂ ಸೇರಿವೆ.