ಬಸವಣ್ಣನ ಇಬ್ಬರು ಹೆಂಡಿರು, ನಮ್ಮ ಕೇರಿಯ ನಿಷ್ಠೆ



ಬಸವ ಜಯಂತಿ ಬಂತಂದ್ರ ಸಾಕು, ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರ: "ಇಬ್ಬರು ಹೆಂಡಿರನ್ನ ಕಟ್ಕೊಂಡವರನ್ನ ಸಮಾನತೆಯ ಹರಿಕಾರ ಅಂತ ನೀವು ಹೆಂಗ ಒಪ್ಕೋತೀರಿ?" ನಮ್ಮವರು ಸಿಟ್ಟಿಗೇಳ್ತಾರ, ಇಲ್ಲಾ ಸುಮ್ಮನಾಗ್ತಾರ. ಎರಡೂ ಬ್ಯಾಡ. ಹೌದು, ಶರಣ ಪರಂಪರೆ ಗಂಗಾಂಬಿಕೆ, ನೀಲಾಂಬಿಕೆ ಅಂತ ಇಬ್ಬರನ್ನೂ ಹೆಸರು ಹಿಡಿದು ಹೇಳ್ತದ. ಇಬ್ಬರೂ ವಚನಕಾರ್ತಿಯರು. 12ನೇ ಶತಮಾನದಾಗ ಒಬ್ಬ ಮಂತ್ರಿಗೆ ಇಬ್ಬರು ಹೆಂಡಿರು ಇರೋದು ದೊಡ್ಡ ಸುದ್ದಿ ಆಗಿರಲಿಲ್ಲ.

ಆದ್ರ ಭಕ್ತರು "ಆಗಿನ ಕಾಲ ಹಂಗಿತ್ತು" ಅಂತ ಹೇಳಿ ಬಿಡಲಿಲ್ಲ. ನೀಲಾಂಬಿಕೆಗೆ 'ವಿಚಾರಪತ್ನಿ' ಅನ್ನೋ ಹೆಸರು ಕೊಟ್ರು. ಮನೆಯ ಸಂಗತಿ ತತ್ವ ಆಗಿಬಿಡ್ತು. ಅಮೆರಿಕದ ಮಾರ್ಮನ್ನರೂ ಇದನ್ನೇ ಮಾಡಿದ್ರು. ಅವರ ಗುರು ಜೋಸೆಫ್ ಸ್ಮಿತ್ ಬಹಳ ಮದುವೆ ಆದಾಗ ಅದು ದೇವರ ಅಪ್ಪಣೆ ಅಂದ್ರು. ಸರ್ಕಾರದ ಕಾನೂನು ಕುತ್ತಿಗಿಗೆ ಬಂದ ಮ್ಯಾಲೆ, 1890ರಾಗ, ಆ ಪದ್ಧತಿ ಬಿಡ್ತೀವಿ ಅಂತ ಅವರ ಚರ್ಚು ಘೋಷಿಸ್ತು.

ನಮ್ಮ ಕೇರಿಯ ನಿಷ್ಠೆ ಬ್ಯಾರೆ. ಹೊಲೆಯರ ಸಂಬೋಳಿ ನಾಗಿದೇವನ ಮನ್ಯಾಗ ಬಸವಣ್ಣ ಉಂಡ, ಅದರ ದೂರು ಬಿಜ್ಜಳನ ತನಕ ಹೋಯ್ತು ಅಂತ ಪುರಾಣಗಳು ಹೇಳ್ತಾವ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವಿ ಆಯ್ತು, ಇಬ್ಬರು ಬೀಗರಿಗೂ ಮರಣದಂಡನೆ ಆಯ್ತು. ಹೊಸ್ತಿಲ ಹೊರಗ ನಿಂತು ಸಾವಿರ ವರ್ಷ ಕಳೆದವರ ಮನಿಗೆ ಒಬ್ಬ ಬಂದು ಉಂಡ್ರ, ಅವನ ಮನ್ಯಾಗ ಹೆಂಡಿರೆಷ್ಟು ಅಂತ ಯಾರು ಲೆಕ್ಕ ಹಾಕ್ತಾರ?

ಈ ಋಣವೇ ಅಪಾಯಕ್ಕೂ ದಾರಿ ಆಗ್ತದ. ಹರಿಯಾಣದ ಡೇರಾ ಸಚ್ಚಾ ಸೌದಾದಾಗ ದಲಿತ ಭಕ್ತರು ಬಹಳ. ಅಲ್ಲಿ ಜಾತಿಯ ಅಡ್ಡಹೆಸರು ತೆಗೆದು 'ಇನ್ಸಾನ್' ಅಂತ ಇಟ್ಕೋಬಹುದಿತ್ತು. 2017ರಾಗ ರಾಮ್ ರಹೀಮ್ ಅತ್ಯಾಚಾರದ ಅಪರಾಧಿ ಅಂತ ಕೋರ್ಟು ಹೇಳಿದ ದಿನ ಪಂಚಕುಲಾದಾಗ ಭಕ್ತರು ಬೀದಿಗಿಳಿದ್ರು, ಮೂವತ್ತಕ್ಕೂ ಹೆಚ್ಚು ಜೀವ ಹೋದವು. ಬಸವಣ್ಣನ್ನ ಆ ಸಾಲಿನ್ಯಾಗ ನಿಲ್ಲಿಸ್ತಿಲ್ಲ, ಒಂದು ಮದುವಿ, ಇನ್ನೊಂದು ಅಪರಾಧ. ಭಕ್ತರ ಎದಿಯಾಗಿನ ಹಸಿವು ಮಾತ್ರ ಒಂದೇ, ಮರ್ಯಾದಿಯ ಹಸಿವು.

ಇನ್ನೊಂದು ತಮಾಷಿ ನೋಡ್ರಿ. ಇಬ್ಬರು ಹೆಂಡಿರು ಅಂದ್ರ ಬಸವಭಕ್ತರ ಸಿಟ್ಟು ಒಂದು ಮಾತಿಗೆ ಮುಗೀತದ. 2007ರಾಗ ಬಂಜಗೆರೆ ಜಯಪ್ರಕಾಶ್ ಅವರು 'ಆನು ದೇವಾ ಹೊರಗಣವನು' ಪುಸ್ತಕದಾಗ ಬಸವಣ್ಣ ಮಾದಿಗ ಮೂಲದವನಿರಬಹುದು ಅಂತ ವಾದಿಸಿದಾಗ ಮಾತ್ರ ರಾಜ್ಯದ ತುಂಬ ಗಲಾಟೆ, ನಿಷೇಧದ ಕೂಗು. ಗುರುವಿನ ಸಂಸಾರ ನುಂಗ್ಕೋಬಹುದು, ಗುರು ಮಾದಿಗ ಅನ್ನೋದು ಗಂಟಲಾಗ ಇಳಿಯಂಗಿಲ್ಲ!

ಹಂಗಂತ ಹೆಣ್ಣುಮಕ್ಕಳ ಪ್ರಶ್ನೆ ಮುಚ್ಚಿಡಾಕ ನಾನು ತಯಾರಿಲ್ಲ. ಹಿಂದೂ ಕೋಡ್ ಬಿಲ್‌ನಾಗ ಬಾಬಾಸಾಹೇಬರು ಗಂಡಸಿಗೂ ಒಂದೇ ಮದುವಿ ಅಂತ ಬರೆದಿದ್ರು. ಅದನ್ನ ತಡೆದಾಗ, 1951ರಾಗ, ಮಂತ್ರಿಗಿರಿಗೆ ರಾಜೀನಾಮೆ ಕೊಟ್ರು. ಆ ಮಾತು ಕಾನೂನಾಗಿದ್ದು 1955ರಾಗ. ಬಾಬಾಸಾಹೇಬರ ಫೋಟೋಕ್ಕ ಹಾರ ಹಾಕಿ ಎರಡು ಸಂಸಾರ ನಡೆಸೋ ನಮ್ಮ ಮುಖಂಡರಿಗೆ ಯಾವ ಪುರಾಣದ ಆಸರೆನೂ ಇಲ್ಲ.

ಕೂಡಲಸಂಗಮಕ್ಕ ಹೋದಾಗ ತಂಗಡಗಿಗೂ ಹೋಗ್ರಿ. ಕಲ್ಯಾಣ ಕ್ರಾಂತಿ ಆದ ಮ್ಯಾಲೆ ಕರ್ಕೊಂಡು ಬಾ ಅಂತ ಬಸವಣ್ಣ ಹಡಪದ ಅಪ್ಪಣ್ಣನ್ನ ಕಳಿಸಿದ್ದ, ನೀಲಮ್ಮ ಸಂಗಮದ ತನಕ ಬರಲಿಲ್ಲ, ಕೃಷ್ಣೆಯ ದಂಡಿಮ್ಯಾಲೆ ಅಲ್ಲೇ ಐಕ್ಯ ಆದಳು ಅಂತ ಹೇಳ್ತಾರ. ಸಂಗಯ್ಯ ಅಲ್ಲಿ ಅಷ್ಟೇ ಅದಾನೇನು, ಇಲ್ಲಿ ಇಲ್ಲೇನು ಅಂತ ಕೇಳಿದಳಂತ.