ಹೊಗೆಸೊಪ್ಪಿನ ಗುಣಪರೀಕ್ಷೆ

ಹೊಗೆಸೊಪ್ಪಿನ ಗುಣಪರೀಕ್ಷೆ ಎಂದರೆ ಹದಗೊಳಿಸಿದ ತಂಬಾಕಿನ ಎಲೆಯನ್ನು ಕಣ್ಣು, ಕೈ ಹಾಗೂ ಮೂಗುಗಳಿಂದ ಪರಿಶೀಲಿಸಿ ಅದರ ದರ್ಜೆಯನ್ನು ನಿರ್ಣಯಿಸುವ ಕ್ರಮ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಮತ್ತು ಹಾಸನ ಜಿಲ್ಲೆಯ ರಾಮನಾಥಪುರದ ಸುತ್ತ ಬೆಳೆಯುವ ವರ್ಜೀನಿಯಾ ತಂಬಾಕಿಗೆ ಸಂಬಂಧಿಸಿದೆ. ಸಿಗಾರ್ ರಸಿಕರು ಆಸ್ವಾದನೆಗಾಗಿ ಮಾಡುವ ಪರೀಕ್ಷೆಯನ್ನು ಇಲ್ಲಿ ಖರೀದಿದಾರರು ಬೆಲೆ ಕಟ್ಟಲು ಮಾಡುತ್ತಾರೆ. ರೈತನ ಇಡೀ ಹಂಗಾಮಿನ ದುಡಿಮೆ ಕೆಲವು ಕ್ಷಣಗಳ ಈ ನೋಟಕ್ಕೆ ಒಳಪಡುತ್ತದೆ.

ಎಲೆಯ ಹದ

ಗಿಡದ ಎಲ್ಲ ಎಲೆಗಳೂ ಒಮ್ಮೆಗೇ ಮಾಗುವುದಿಲ್ಲ. ಆದ್ದರಿಂದ ಬುಡದಿಂದ ಆರಂಭಿಸಿ ಪ್ರತಿ ಸಲವೂ ಕೆಲವೇ ಎಲೆಗಳನ್ನು ಮುರಿಯಲಾಗುತ್ತದೆ. ಅವುಗಳನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್‌ನಲ್ಲಿ ತೂಗುಹಾಕಿ, ಹೊಗೆ ತಗಲದಂತೆ ಕೊಳವೆಗಳ ಮೂಲಕ ಬಿಸಿಯನ್ನು ಹಾಯಿಸುತ್ತಾರೆ. ಮೊದಲು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಹಳದಿಗೆ ತಿರುಗಬೇಕು. ಬಳಿಕ ಶಾಖವನ್ನು ಹಂತಹಂತವಾಗಿ ಏರಿಸಿ, ನಡುನರ ಒಣಗುವಾಗ ಸುಮಾರು 70 ಡಿಗ್ರಿಗೆ ತರಲಾಗುತ್ತದೆ. ಹಳದಿಯಾಗುವ ಮುನ್ನವೇ ಬಿಸಿ ಏರಿದರೆ ಹಸಿರು ಛಾಯೆ ಶಾಶ್ವತವಾಗಿ ಉಳಿಯುತ್ತದೆ. ಬೆಲೆ ತಗ್ಗಿಸುವ ದೋಷಗಳಲ್ಲಿ ಇದು ಮುಖ್ಯವಾದುದು.

ಪರೀಕ್ಷೆಯ ಕ್ರಮ

ಗಿಡದಲ್ಲಿ ಎಲೆಯಿದ್ದ ಸ್ಥಾನವನ್ನು ಮೊದಲು ಗುರುತಿಸಲಾಗುತ್ತದೆ: ಬುಡದ ಎಲೆ ತೆಳುವಾಗಿಯೂ ತುದಿಯ ಎಲೆ ದಪ್ಪವಾಗಿಯೂ ಇರುತ್ತದೆ. ನಿಂಬೆ ಹಳದಿ ಮತ್ತು ಕಿತ್ತಳೆ ಬಣ್ಣದ, ಕಲೆಗಳಿಲ್ಲದ ಎಲೆ ಶ್ರೇಷ್ಠವೆನಿಸುತ್ತದೆ. ಅನುಭವಿಗಳು ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಾರೆ. ಅದು ಪುಡಿಯಾದರೆ ಒಣಗಿದ್ದು ಹೆಚ್ಚಾಯಿತೆಂದೂ, ಮುದ್ದೆಯಾಗಿಯೇ ಉಳಿದರೆ ತೇವ ಹೆಚ್ಚಿದೆಯೆಂದೂ ಅರ್ಥ. ತೇವ ಹೆಚ್ಚಿದ ಬೇಲ್‌ಗೆ ಬೂಷ್ಟು ಹಿಡಿಯುತ್ತದೆ. ಮೂಗು ಇದನ್ನು ಕಣ್ಣಿಗಿಂತ ಮೊದಲೇ ಪತ್ತೆಹಚ್ಚುತ್ತದೆ. ಗೋಣಿದಾರ, ಪ್ಲಾಸ್ಟಿಕ್ ಚೂರುಗಳಂತಹ ಕಲಬೆರಕೆಯೂ ದರ್ಜೆಯನ್ನು ಕುಗ್ಗಿಸುತ್ತದೆ.

ಸಿಗಾರ್ ಎಲೆಯೊಡನೆ ಹೋಲಿಕೆ

ಸಿಗಾರ್ ಎಲೆಯನ್ನು ಬ್ಯಾರನ್‌ನ ಬಿಸಿಯಲ್ಲಿ ಬೇಯಿಸದೆ ಗಾಳಿಯಲ್ಲಿ ನಿಧಾನವಾಗಿ ಒಣಗಿಸಿ, ರಾಶಿ ಹಾಕಿ ಹುದುಗಿಸುತ್ತಾರೆ. ಇದರಿಂದ ಸಕ್ಕರೆಯ ಅಂಶ ಬಹುತೇಕ ಕಳೆದು ಹೊಗೆ ಕ್ಷಾರೀಯವಾಗುತ್ತದೆ. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ರಸಿಕರು ಹೊಗೆಯನ್ನು ಒಳಗೆಳೆಯದೆ ಬಾಯಲ್ಲಿ ಆಡಿಸುವುದಕ್ಕೆ ಶಿಷ್ಟಾಚಾರಕ್ಕಿಂತ ಈ ರಸಾಯನಕ್ರಿಯೆಯೇ ಕಾರಣ. ವರ್ಜೀನಿಯಾ ಎಲೆಯಲ್ಲಾದರೋ ಸಕ್ಕರೆ ಉಳಿಯುವುದರಿಂದ ಅದು ಸಿಗರೇಟಿಗೆ ಒದಗುತ್ತದೆ. ದಕ್ಷಿಣ ಭಾರತದಲ್ಲಿ ಸಿಗಾರ್ ಬಗೆಯ ಚುಟ್ಟಾಕ್ಕೆ ಹೆಸರಾದದ್ದು ತಮಿಳುನಾಡಿನ ತಿರುಚಿರಾಪಳ್ಳಿ.

ಬೆಲೆ ಮತ್ತು ರೈತ

ತಂಬಾಕು ಮಂಡಳಿ 1976ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದಿತು. ಅದರ ಕೇಂದ್ರ ಕಚೇರಿ ಗುಂಟೂರಿನಲ್ಲಿದೆ. ಕರ್ನಾಟಕದಲ್ಲಿ ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಹರಾಜು ಬಹಿರಂಗವಾದರೂ ಒಂದು ಬೇಲ್ ಉತ್ತಮವೋ ಮಧ್ಯಮವೋ ಎಂಬ ತೀರ್ಪು ಇಂದ್ರಿಯಾನುಭವವನ್ನೇ ಅವಲಂಬಿಸಿರುವುದರಿಂದ ತಕರಾರುಗಳು ತಪ್ಪಿಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯಲ್ಲಿ ನ್ಯಾಯಬೆಲೆಗಾಗಿ 1981ರಲ್ಲಿ ನಡೆದ ಚಳವಳಿಯಲ್ಲಿ ಶರದ್ ಜೋಶಿ ಪಾಲ್ಗೊಂಡಿದ್ದರು. ಆಗ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು.

ಆರೋಗ್ಯ

ಎಲೆಯ ದರ್ಜೆ ಎಷ್ಟೇ ಉನ್ನತವಾಗಿದ್ದರೂ ಅದರ ಹೊಗೆ ಕ್ಯಾನ್ಸರ್‌ಕಾರಕವೇ. ಹಸಿ ಎಲೆ ಮುರಿಯುವ ಕೂಲಿಕಾರರಿಗೂ ಚರ್ಮದ ಮೂಲಕ ನಿಕೋಟಿನ್ ಸೇರಿ ವಾಕರಿಕೆ, ತಲೆಸುತ್ತು ಉಂಟಾಗುವುದುಂಟು; ಇಬ್ಬನಿಯಲ್ಲಿ ತೊಯ್ದ ಎಲೆಯಿಂದ ಈ ಅಪಾಯ ಹೆಚ್ಚು.